ಎರೆಹುಳುವಿಗೆ ಫಿನಾಯಿಲ್

ಕಂಡಕ್ಟರಿಗೆ ಕೊಳಕು ಕಂಡರೆ ಆಗದು. ಆಗದು ಎಂದರೆ ಸುಮ್ಮನೆ ಮೂಗು ಮುರಿಯುವುದಲ್ಲ. ಸಿಂಕಿನ ಜಾಲರಿಗೆ ನೆನೆದ ಬ್ರೆಡ್ಡಿನ ಚೂರೊಂದು ಅಂಟಿಕೊಂಡಿದ್ದರೂ ಸಾಕು, ಹೊಟ್ಟೆ ತೊಳಸಿ ಬಾಯಿಗೆ ಬಂದಂತಾಗುತ್ತಿತ್ತು. ಆಯುಷ್ಯವಿಡೀ ಸಿಟಿ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದವರು. ಎಂಜಲು ಹಚ್ಚಿ ಎಣಿಸಿದ ನೋಟು, ಸೀಟಿನ ಸಂದಿಯಲ್ಲಿ ತುರುಕಿದ ಹಣ್ಣಿನ ಸಿಪ್ಪೆ, ಮುಂದಿನ ಕಿಟಕಿಯಿಂದ ಉಗಿದದ್ದು ಹಿಂದಿನ ಕಿಟಕಿಯಿಂದ ಒಳಗೆ ಬಂದದ್ದು, ಇವನ್ನೆಲ್ಲ ನೋಡಿ ನೋಡಿ ಒಟ್ಟು ಮನುಷ್ಯಜಾತಿಯ ಮೇಲೆಯೇ ಅವರಿಗೊಂದು ಅಸಹ್ಯ ಕೂತುಬಿಟ್ಟಿತ್ತು. ನಿವೃತ್ತಿಯಾದ ಮೇಲೆ ಅದೆಷ್ಟು ಸಲ ಕೈ ತೊಳೆಯುತ್ತಿದ್ದರೋ, ಆ ಸಾಬೂನಿಗೇ ಗೊತ್ತು.

ಇಂಥವರಿಗೆ ಹೆಂಡತಿಯಾಗಿ ಸಿಕ್ಕಿದ್ದು ಮಣ್ಣಮ್ಮ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಕಟ್ಟಡದ ಮಂದಿ ಅರ್ಧ ಪ್ರೀತಿಗೆ, ಅರ್ಧ ತಮಾಷೆಗೆ ಹಾಗೆ ಕರೆದು ಕರೆದು ಅದೇ ಗಟ್ಟಿಯಾಯಿತು. ಕಟ್ಟಡದ ಹಿಂದೆ, ಕಾಂಪೌಂಡ್ ಗೋಡೆಗೂ ಸೈಕಲ್ ಶೆಡ್ಡಿಗೂ ನಡುವೆ ಆಕೆಯದೊಂದು ಸಿಮೆಂಟ್ ತೊಟ್ಟಿ. ಎಲ್ಲರ ಅಡುಗೆಮನೆಯ ತರಕಾರಿ ಸಿಪ್ಪೆ, ಮೊಟ್ಟೆಯ ಚಿಪ್ಪು, ಸೋಸಿ ಉಳಿದ ಚಹಾಪುಡಿ ಅದರೊಳಗೆ ಬೀಳಬೇಕು. ಒಳಗಿರುವ ಎರೆಹುಳುಗಳು ಅದನ್ನೆಲ್ಲ ತಿಂದು ಕರಿ ಗೊಬ್ಬರ ಮಾಡಬೇಕು. ಮಣ್ಣಮ್ಮ ಅದರ ಮುಂದೆ ಮೊಣಕಾಲೂರಿ ಕೂತು, ಮೊಣಕೈವರೆಗೆ ಕೈ ಇಳಿಸಿ, ಹುಳುಗಳ ಜೊತೆ ಮಾತಾಡುತ್ತಿದ್ದಳು. ಕಂಡಕ್ಟರು ದೂರದಲ್ಲಿ ಮೂಗಿಗೆ ಕರ್ಚೀಫು ಹಿಡಿದು, "ಏ, ಇವತ್ತು ನನಗೆ ಬಡಿಸೋಕೆ ಬರಬೇಡ ಕಣೇ" ಎನ್ನುತ್ತಿದ್ದರು.

"ಹಸಿವಾದ್ರೆ ಬಡಿಸ್ಕೊಂಡು ತಿನ್ನಿ, ಯಾರು ಬೇಡ ಅಂದ್ರು?" ಎನ್ನುತ್ತಿದ್ದಳು ಅವಳು, ತಿರುಗಿಯೂ ನೋಡದೆ.

ಚಳಿಗಾಲದ ಶುರುವಿನಲ್ಲಿ ಒಂದು ಬೆಳಿಗ್ಗೆ ಆಕೆಗೆ ಲಕ್ವ ಹೊಡೆಯಿತು. ಪ್ರಾಣ ಉಳಿಯಿತು, ಮಾತೂ ಬಹುಪಾಲು ಉಳಿಯಿತು. ಬಲಗಾಲು ಎಳೆಯತೊಡಗಿತು, ಬಲಗೈ ಮಡಿಲಲ್ಲಿ ಬೇರೆ ಯಾರದೋ ಕೈಯ ಹಾಗೆ ಬಿದ್ದುಕೊಂಡಿತು. ಫಿಸಿಯೋ ಹುಡುಗಿ ಮನೆಗೆ ಬಂದು ಒಂದು ತಟ್ಟೆಯ ತುಂಬ ಅಂಗಿಯ ಗುಂಡಿಗಳನ್ನು ಸುರಿದು, "ಅಮ್ಮಾ, ಬಲಗೈಯಲ್ಲಿ ಒಂದೊಂದೇ ಎತ್ತಿ ಆ ಬಟ್ಟಲಿಗೆ ಹಾಕಿ" ಎಂದರೆ, ಮಣ್ಣಮ್ಮ ಮುಖ ತಿರುಗಿಸುತ್ತಿದ್ದಳು. "ನಾನೇನು ಅಂಗನವಾಡಿ ಮಗುವಾ? ಗುಂಡಿ ಎತ್ತಿ ಏನು ಮಾಡ್ಲಿ, ಹೊಲೀಲಾ?" ಎಂದು ಅವಳ ತಕರಾರು.

ಆದರೆ ತೊಟ್ಟಿಯ ಯೋಚನೆ ಮಾತ್ರ ತಲೆಯಿಂದ ಇಳಿದಿರಲಿಲ್ಲ. ಆಸ್ಪತ್ರೆಯಿಂದ ಬಂದ ಸಂಜೆಯೇ ಗಂಡನನ್ನು ಕರೆದು, "ನೀವು ಹೋಗಿ ಅದನ್ನ ಮಗುಚಬೇಕು. ಮಗುಚಿ, ಒಂದು ಹಿಡಿ ತನ್ನಿ. ನಾನು ಮೂಸಿ ನೋಡ್ಬೇಕು" ಎಂದಳು.

"ನಾನಾ?"

"ಇನ್ನೇನು ಪಕ್ಕದ ಮನೆಯವರ ಗಂಡನಾ?"

ಹೀಗೆ ಶುರುವಾಯಿತು ಕಂಡಕ್ಟರ ಶಿಕ್ಷೆ. ಮೊದಮೊದಲು ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು ಹೋದರು. ಗವಸಿನ ರಬ್ಬರ್ ವಾಸನೆಯಲ್ಲಿ ಗೊಬ್ಬರದ ವಾಸನೆ ತಿಳಿಯುವುದಿಲ್ಲ ಎಂದು ಮಣ್ಣಮ್ಮ ಅದನ್ನೂ ಬಿಚ್ಚಿಸಿದಳು. ಬರಿಗೈ. ಒಳಗೆ ಬೆಚ್ಚಗಿನ, ಒದ್ದೆಯಾದ, ಬೆರಳ ಸಂದಿಯಲ್ಲಿ ಮಿಸುಕುವ ಏನೋ. ಮೊದಲ ದಿನ ಕಂಡಕ್ಟರು ಸೈಕಲ್ ಶೆಡ್ಡಿನ ಹಿಂದೆ ಹೋಗಿ ನಿಜಕ್ಕೂ ವಾಂತಿ ಮಾಡಿಕೊಂಡರು. ಹೆಂಡತಿಗೆ ಹೇಳಲಿಲ್ಲ.

ಹಿಡಿಯನ್ನು ಮೂಗಿನ ಹತ್ತಿರ ಒಯ್ದರೆ ಸಾಕು, ಆಕೆ ಕಣ್ಣು ಮುಚ್ಚಿ ಹೇಳುವಳು. "ನೀರು ಜಾಸ್ತಿಯಾಗಿದೆ, ಒಣಗಿದ ಎಲೆ ಹಾಕಿ." ಇನ್ನೊಂದು ಸಂಜೆ, "ಯಾರೋ ಉಪ್ಪಿನಕಾಯಿ ಎಸೆದಿದ್ದಾರೆ, ತೆಗೀರಿ ಅದನ್ನ." ಕಂಡಕ್ಟರು ಹೋಗಿ ಕೆದಕಿದರೆ ಖಂಡಿತ ಉಪ್ಪಿನಕಾಯಿ ಇರುತ್ತಿತ್ತು. ಉಪ್ಪಿನಕಾಯಿಯಾದರೂ ಪರವಾಗಿಲ್ಲ, ಒಂದು ಸಲ ಮಗುವಿನ ಡೈಪರ್, ಒಂದು ಸಲ ಹರಿದ ಚಪ್ಪಲಿ, ಇನ್ನೊಂದು ಸಲ ಬ್ಯಾಂಡೇಜು. ಹಸಿಕಸ ಮಾತ್ರ ಹಾಕಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದರೂ ಹೀಗೆ. ಥೂ, ಇವರಿಗೆ ಓದು ಕಲಿಸಿದವರು ಯಾರು ಎಂದು ಕಂಡಕ್ಟರು ಗೋಡೆಗೆ ಕೇಳಿಸುವಂತೆ ಉಗಿಯುತ್ತಿದ್ದರು.

ಮೂಸಿಯಾದ ಮೇಲೆ ಆ ಹಿಡಿಯನ್ನು ವಾಪಸ್ ತೊಟ್ಟಿಗೆ ಹಾಕಬೇಕೆಂಬುದು ಮಣ್ಣಮ್ಮನ ಆಜ್ಞೆ. ಎರಡನೇ ಮಹಡಿ, ಲಿಫ್ಟಿಲ್ಲದ ಕಟ್ಟಡ. ಒಮ್ಮೆ ಇಳಿದು ಹತ್ತಿದವರಿಗೆ ಮತ್ತೆ ಇಳಿಯಲು ಮನಸ್ಸಾದರೂ ಹೇಗೆ ಬಂದೀತು? ಬಾಲ್ಕನಿಯ ಮೂಲೆಯಲ್ಲಿ, ಒಣಗಲು ಹಾಕಿದ ಬಟ್ಟೆಗಳ ಹಿಂದೆ, ಎಂದೋ ಸತ್ತ ಗಿಡದ ದೊಡ್ಡದೊಂದು ಮಣ್ಣಿನ ಕುಂಡವಿತ್ತು. ಕಂಡಕ್ಟರು ಗುಟ್ಟಾಗಿ ಅದಕ್ಕೆ ಸುರಿದು, ಹೆಂಡತಿ ಕುಡಿದು ಉಳಿಸಿದ ನೀರನ್ನು ಅದರ ಮೇಲೆ ಚೆಲ್ಲಿ, ಬಚ್ಚಲಿಗೆ ಓಡಿ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. "ಹಾಕಿ ಬಂದ್ರಾ?" ಎಂದು ಆಕೆ ಕೇಳಿದರೆ, "ಹೂಂ ಹೂಂ" ಎನ್ನುತ್ತಿದ್ದರು.

ಹೀಗಿರುವಾಗ ನಗರಸಭೆಯವರು 'ಹಸಿರು ನೆರೆಹೊರೆ ಸ್ಪರ್ಧೆ' ಘೋಷಿಸಿದರು. ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಕಂಡಕ್ಟರ ಬಾಮೈದ, ಮಣ್ಣಮ್ಮನ ಒಡಹುಟ್ಟಿದ ತಮ್ಮ. ಮೇಲಿನ ಮಹಡಿಯಲ್ಲೇ ಮನೆ. ಟೈಲ್ಸ್ ಅಂಗಡಿ ಇಟ್ಟುಕೊಂಡಿದ್ದ. ಯಾವಾಗಲೂ ಬಿಳಿ ಶೂ, ಬಿಳಿ ನಗು. ಮನುಷ್ಯ ಕೆಟ್ಟವನಲ್ಲ. ಅಕ್ಕ ಆಸ್ಪತ್ರೆಯಲ್ಲಿದ್ದಾಗ ಹೊರಗಿನ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತವನೇ. ಆದರೆ ಕ್ಯಾಮೆರಾ ಕಂಡರೆ ಮೈಮೇಲೆ ಎಚ್ಚರವಿರುವುದಿಲ್ಲ, ಅಷ್ಟೆ.

ಸಂಘದ ಸಭೆ ನಡೆಯಿತು. ಪ್ಲಾಸ್ಟಿಕ್ ತೊಲಗಿಸುವುದು ಹೇಗೆಂದು ಚರ್ಚೆ, ಪ್ರತಿಯೊಬ್ಬರ ಮುಂದೆಯೂ ಒಂದೊಂದು ಪ್ಲಾಸ್ಟಿಕ್ ನೀರಿನ ಬಾಟಲಿ. ಸಭೆ ಮುಗಿದಾಗ ಅರ್ಧ ಕುಡಿದ ಬಾಟಲಿಗಳು ಮೇಜಿನ ಮೇಲೆಯೇ ಉಳಿದವು. ಎಲ್ಲರಿಗೂ ಹಸಿರು ಟೀಶರ್ಟು ಹಂಚಿದರು. ಪಾಲಿಯೆಸ್ಟರ್, ತೊಟ್ಟರೆ ಮೈ ಕೆರೆಯುತ್ತಿತ್ತು. ಗೇಟಿಗೆ ಮನೆಯಷ್ಟುದ್ದದ ಫ್ಲೆಕ್ಸ್ ಕಟ್ಟಿದರು: 'ಪ್ಲಾಸ್ಟಿಕ್ ಬಿಡಿ, ಭೂಮಿಗೆ ಉಸಿರು ಕೊಡಿ.' ಫ್ಲೆಕ್ಸ್ ಯಾವುದರಿಂದ ಮಾಡುತ್ತಾರೆಂದು ಕಂಡಕ್ಟರು ಕೇಳಿದ್ದಕ್ಕೆ ಬಾಮೈದ, "ಭಾವ, ನಿಮಗೆ ಎಲ್ಲದರಲ್ಲೂ ಕಲ್ಲು ಹುಡುಕೋದೇ ಕೆಲಸ" ಎಂದು ಹಲ್ಲು ಕಿರಿದ.

"ನಮ್ಮ ಟ್ರಂಪ್ ಕಾರ್ಡೇ ಅಕ್ಕನ ತೊಟ್ಟಿ. ಬೇರೆ ಯಾವ ಕಟ್ಟಡದಲ್ಲೂ ಇಲ್ಲ. ಒಂದೇ ಯೋಚನೆ ಅಂದ್ರೆ ವಾಸನೆ. ಬಂದವರು ಮೂಗು ಮುಚ್ಕೊಂಡ್ರೆ ಅಂಕ ಹೋಯ್ತು" ಎಂದ.

"ಅದು ಕೊಳೆತ ವಾಸನೆ ಅಲ್ಲಯ್ಯಾ. ಮಳೆ ಬಿದ್ದ ಮಣ್ಣಿನ ಹಾಗೆ ಇರುತ್ತೆ. ಮೂಸಿ ನೋಡು" ಎಂದರು ಕಂಡಕ್ಟರು. ಹಾಗೆಂದ ಮೇಲೆ ತಾವೇ ಬೆಚ್ಚಿದರು. ಈ ಮಾತು ತಮ್ಮ ಬಾಯಿಂದ ಬಂತೇ ಎಂದು.

ಬಾಮೈದ ಎರಡು ಹೆಜ್ಜೆ ಹಿಂದೆ ಸರಿದ. "ಬೇಡಪ್ಪಾ ಬೇಡ. ನನಗೆ ಹುಳ ಅಂದ್ರೆ ಮೈಯೆಲ್ಲ ಜುಂ ಅನ್ನುತ್ತೆ."

ಮಣ್ಣಮ್ಮನಿಗೆ ಸ್ಪರ್ಧೆಯ ಗೊಡವೆ ಇರಲಿಲ್ಲ. ಆದರೆ ಅದೇ ದಿನ ತೊಟ್ಟಿಯ ಮುಚ್ಚಳ ತೆಗೆದು ಹಣ್ಣಾದ ಗೊಬ್ಬರವನ್ನು ಹೊರತೆಗೆಯುವುದೆಂದು ಗೊತ್ತಾದಾಗ ಹಾಸಿಗೆಯಲ್ಲಿ ನೆಟ್ಟಗೆ ಕೂತಳು. "ಅವತ್ತು ನಾನೇ ಇಳಿದು ಬರ್ತೀನಿ. ಯಾರೂ ಹೊತ್ಕೊಂಡು ಹೋಗೋದು ಬೇಡ" ಎಂದಳು. ಮಾರನೆಯ ದಿನದಿಂದ ಫಿಸಿಯೋ ಹುಡುಗಿಗೇ ಅಚ್ಚರಿಯಾಗುವಂತೆ ಮೆಟ್ಟಿಲಿನ ಅಭ್ಯಾಸ ಶುರು. ಎಡಗೈಯಲ್ಲಿ ಕಂಬಿ ಹಿಡಿದು, ಬಲಗಾಲನ್ನು ಎತ್ತಿ ಇಡುವಾಗ ತುಟಿ ಕಚ್ಚಿ, ನಡುವೆ ಗಂಡನನ್ನು ಬೈದು, ಮತ್ತೆ ಇಳಿದು. ಗುಂಡಿಗಳ ತಟ್ಟೆಯನ್ನು ಮಾತ್ರ ಮುಟ್ಟಲಿಲ್ಲ. ಕಂಡಕ್ಟರು ಹಿಂದಿನಿಂದ ಸೊಂಟ ಹಿಡಿದುಕೊಳ್ಳುತ್ತಿದ್ದರು. ಆ ಹಾಳು ತೊಟ್ಟಿಯೇ ತನ್ನ ಹೆಂಡತಿಯನ್ನು ಎಬ್ಬಿಸಿ ನಿಲ್ಲಿಸುತ್ತಿದೆ ಎಂದು ಅವರಿಗೆ ಅರ್ಥವಾಗಿತ್ತು. ಈಗೀಗ ಸಂಜೆ ಕೈ ಇಳಿಸುವಾಗ ಅವರೂ ಹುಳುಗಳಿಗೆ, "ಸರಿಯಾಗಿ ತಿನ್ರಪ್ಪಾ, ಮಾನ ಉಳಿಸಿ" ಎನ್ನತೊಡಗಿದ್ದರು.

ಸ್ಪರ್ಧೆಯ ಬೆಳಿಗ್ಗೆ ಕಂಡಕ್ಟರು ಒಣಗಿದ ಎಲೆಯ ಚೀಲ ಹಿಡಿದು ಹಿತ್ತಲಿಗೆ ಹೋದರು. ಸೈಕಲ್ ಶೆಡ್ಡು ದಾಟುವ ಮೊದಲೇ ಏನೋ ಮೂಗಿಗೆ ಅಡರಿತು. ಬಸ್ ಡಿಪೋದ ಕಕ್ಕಸಿಗೆ ಸಾಹೇಬರು ಬರುವ ದಿನ ಹೊಡೆಯುತ್ತಿದ್ದ ವಾಸನೆ. ಅದರ ಮೇಲೆ ನಿಂಬೆಯ ಸೆಂಟು ಬೇರೆ.

ತೊಟ್ಟಿಯ ಸುತ್ತ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸಿತ್ತು. ಬಾಡಿಗೆಗೆ ತಂದ ಹೂಕುಂಡಗಳು, ಹಸಿರು ಬಲೂನಿನ ಕಮಾನು. ತೊಟ್ಟಿಯ ಗೋಡೆಗೆ ಹೊಸ ಬಣ್ಣ. ಆ ಬಣ್ಣದ ಮೇಲೆ, ಆ ಪ್ಲಾಸ್ಟಿಕ್ ಹುಲ್ಲಿನ ಮೇಲೆ, ಹುಳುಗಳು. ಒಳಗಿನ ಉರಿ ತಾಳಲಾರದೆ ಹೊರಗೆ ಹರಿದುಬಂದು, ಹೋಗಲು ಜಾಗ ಕಾಣದೆ, ಸುರುಳಿ ಸುತ್ತಿಕೊಂಡು ಸತ್ತಿದ್ದವು. ಕೆಲವು ಇನ್ನೂ ಮಿಸುಕುತ್ತಿದ್ದವು. ಕಂಡಕ್ಟರು ಮುಚ್ಚಳ ಸರಿಸಿ, ಒಳಗೆ ಹೊದಿಸಿದ್ದ ಗೋಣಿತಾಟು ಎತ್ತಿದರು. ಮೇಲಿನ ಪದರ ಹಾಲು ಚೆಲ್ಲಿದಂತೆ ಬೆಳ್ಳಗಿತ್ತು. ಕೈ ಇಳಿಸಿದರೆ ಬೆಚ್ಚಗಿಲ್ಲ. ಎಲ್ಲಿ ಕೆದಕಿದರೂ ಮೆತ್ತಗೆ, ಜೋಲುಬಿದ್ದ ಹುಳುಗಳ ಗೊಂಚಲು. ಅವರು ಬುಡದವರೆಗೆ ಕೆದಕಿದರು. ಮೂಲೆಮೂಲೆಯನ್ನೂ ಕೆದಕಿದರು. ಒಳಗೆ ಜೀವವಿದ್ದದ್ದು ಒಂದೂ ಇಲ್ಲ.

ಕಂಡಕ್ಟರು ತೋಳಿನಿಂದ ಮೂಗು ಮುಚ್ಚಿಕೊಂಡರು. ಆದರೆ ಈ ಸಲ ಹುಳುಗಳಿಗಲ್ಲ, ಆ ನಿಂಬೆಯ ಸೆಂಟಿಗೆ.

ಬಾಮೈದ ಫೋನಿನಲ್ಲಿ ಮಾತಾಡುತ್ತ ಬಂದ. ಟೀಶರ್ಟಿನ ಮೇಲೆ ಬ್ಯಾಡ್ಜು ಚುಚ್ಚಿದ್ದ. "ಹೇಗಿದೆ ಭಾವ? ನಿನ್ನೆ ರಾತ್ರಿಯೇ ಎರಡು ಕ್ಯಾನ್ ಹೊಡೆಸ್ಬಿಟ್ಟೆ. ಒಂದು ಚೂರು ವಾಸನೆ ಇಲ್ಲ ನೋಡಿ. ಒಳ್ಳೆ ಆಸ್ಪತ್ರೆ ಹಾಗಾಗಿದೆ!"

"ಏನು ಹೊಡೆಸ್ದೆ?"

"ಫಿನಾಯಿಲ್. ಯಾಕೆ?"

 ಕಂಡಕ್ಟರ ಸಿಟ್ಟಿನ ಕಟ್ಟೆಯೊಡೆಯಿತು. "ಅಯ್ಯೋ ಪಾಪಿ! ಹುಳ ಸಾಯೋಕೆ ಹೊಡೆಯೋದನ್ನ ಹುಳದ ಮೇಲೇ ಹೊಡೆಸಿದೆಯಲ್ಲೋ! ಕ್ಯಾನಿನ ಮೇಲೆ ಸತ್ತ ಹುಳದ ಚಿತ್ರ ಹಾಕಿರ್ತಾರಲ್ಲೋ, ಅದನ್ನಾದ್ರೂ ನೋಡ್ಬಾರದಾಗಿತ್ತಾ?"

ಬಾಮೈದ ಪ್ಲಾಸ್ಟಿಕ್ ಹುಲ್ಲಿನ ಕಡೆ ನೋಡಿದ. ಆಗಷ್ಟೇ ಅವನಿಗೆ ಕಂಡಿತು. ಬಿಳಿ ಶೂಗಳನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡ. "ಛೀ ಛೀ! ಬೇಗ ಗುಡಿಸ್ಬಿಡಿ ಭಾವ, ಅವರು ಬರೋ ಹೊತ್ತಾಯ್ತು. ಹುಳ ತಾನೇ? ಆಮೇಲೆ ಆರ್ಡರ್ ಹಾಕಿ ತರಿಸೋಣ."

"ನಿನ್ನ ಅಕ್ಕ ಇವತ್ತು ಇಳಿದು ಬರ್ತಾಳೆ ಕಣೋ. ಅದಕ್ಕೋಸ್ಕರ ಎದ್ದು ನಿಂತಿದಾಳೆ. ಅವಳಿಗೆ ಏನು ಹೇಳ್ಲಿ ನಾನು?"

ಅವನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಗೇಟಿನಲ್ಲಿ ಕಾರು ಹಾರ್ನ್ ಮಾಡಿತು. ಮುಖದ ಮೇಲೆ ಬಿಳಿ ನಗು ಮತ್ತೆ ಬಂತು. "ಇವತ್ತೊಂದು ದಿನ ಅಕ್ಕನ್ನ ಮೇಲೇ ಕೂರಿಸಿ ಭಾವ, ನಿಮ್ಮ ದಮ್ಮಯ್ಯ" ಎಂದು ಹೇಳಿ ಗೇಟಿಗೆ ಓಡಿದ.

ಕಂಡಕ್ಟರು ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದರು. ಮೊದಲ ಮಹಡಿಯ ತಿರುವಿನಲ್ಲೇ ಮಣ್ಣಮ್ಮ ಎದುರಾದಳು. ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಎಡಗೈಯಲ್ಲಿ ಕಂಬಿ ಹಿಡಿದು, ಒಬ್ಬಳೇ. ಹಣೆಯಿಂದ ಬೆವರು ಇಳಿಯುತ್ತಿತ್ತು. ಮುಖದಲ್ಲಿ ಎಂಥ ಹೆಮ್ಮೆಯೆಂದರೆ, ಮದುವೆಯ ದಿನವೂ ಕಂಡಕ್ಟರು ಅದನ್ನು ಕಂಡಿರಲಿಲ್ಲ.

"ಇವತ್ತು ಬೇಡ ಕಣೇ" ಎಂದರು.

"ಯಾಕಂತೆ?"

"ಜನ ಜಾಸ್ತಿ."

"ಜನ ಏನು ನನ್ನ ತಿಂತಾರಾ? ಸರೀರಿ ಆಚೆ."

ಅವರು ಸರಿದರು. ಇನ್ನೇನು ಮಾಡಬೇಕಿತ್ತು? ಅಷ್ಟು ದಿನ ಅಷ್ಟು ಕಷ್ಟಪಟ್ಟು ಇಳಿಯುತ್ತಿರುವ ಹೆಂಗಸಿಗೆ ಅಡ್ಡ ನಿಲ್ಲಲು ಅವರಿಗೆ ಕಾಲು ಬರಲಿಲ್ಲ. ಸತ್ಯ ಹೇಳಲು ಬಾಯಿಯೂ ಬರಲಿಲ್ಲ.

ಹಿತ್ತಲಿನಲ್ಲಿ ಹಸಿರು ಟೀಶರ್ಟುಗಳ ಸಂತೆ. ನಗರಸಭೆಯ ಮೇಡಂ ತಂಪು ಕನ್ನಡಕ ಹಾಕಿಕೊಂಡು ಬಲೂನಿನ ಕಮಾನಿನ ಕೆಳಗೆ ನಿಂತಿದ್ದರು. ಸತ್ತ ಹುಳುಗಳನ್ನೆಲ್ಲ ಯಾರೋ ಗುಡಿಸಿ ಹೂಕುಂಡದ ಹಿಂದೆ ತಳ್ಳಿದ್ದರು. ಮಣ್ಣಮ್ಮ ಕಾಲೆಳೆಯುತ್ತ ಬಂದದ್ದೇ ತಡ, ಬಾಮೈದನಿಗೆ ಹೊಸ ಹುರುಪು ಬಂತು. "ಮೇಡಂ, ಇವರೇ ನಮ್ಮ ಮಣ್ಣಮ್ಮ, ನನ್ನ ಸ್ವಂತ ಅಕ್ಕ! ಲಕ್ವ ಹೊಡೆದ್ರೂ ಪರಿಸರ ಬಿಡ್ಲಿಲ್ಲ!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಫೋಟೋದವನು ಮೊಣಕಾಲೂರಿದ.

ಮಣ್ಣಮ್ಮ ಯಾರನ್ನೂ ನೋಡಲಿಲ್ಲ. ತೊಟ್ಟಿಯ ಅಂಚಿಗೆ ಸೊಂಟ ಆನಿಸಿ, ಎಡಗೈ ಇಳಿಸಿ, ಒಂದು ಹಿಡಿ ತೆಗೆದು ಮೂಗಿಗೆ ಒಯ್ದಳು. ಕಣ್ಣು ಮುಚ್ಚಿದಳು.

ಕಂಡಕ್ಟರು ನೆಲ ನೋಡಿದರು.

ಆಕೆ ಇನ್ನೊಮ್ಮೆ ಮೂಸಿದಳು. ಕಣ್ಣು ತೆರೆದಾಗ ಹೆಮ್ಮೆಯೆಲ್ಲ ಇಳಿದುಹೋಗಿತ್ತು. "ಯಾರು ಮಾಡಿದ್ದು?" ಎಂದಳು.

"ಇವನು! ನಿನ್ನ ತಮ್ಮ! ಫಿನಾಯಿಲ್ ಹೊಯ್ಸಿ ಎಲ್ಲ ಕೊಂದಿದಾನೆ!" ಕಂಡಕ್ಟರ ದನಿ ಬಸ್ಸಿನ ಹಿಂಬಾಗಿಲಿಗೆ ಕೇಳಿಸುವ ಹಳೆಯ ದನಿಯೇ ಆಗಿತ್ತು. ಚಪ್ಪಾಳೆ ನಿಂತಿತು.

ಮೇಡಂ ಕನ್ನಡಕ ಸರಿಮಾಡಿಕೊಂಡರು. "ನೋಡಿ, ಹೋದ ಕಡೆಯಲ್ಲೆಲ್ಲ ಕಾಂಪೋಸ್ಟ್ ಅಂದ್ರೆ ಗಬ್ಬು ನಾತ. ಇಲ್ಲಿ ಎಷ್ಟು ಶುಚಿ ಇದೆ! ವಾಸನೆಯೇ ಇಲ್ಲ" ಎಂದರು.

"ವಾಸನೆ ಎಲ್ಲಿಂದ ಬರುತ್ತೆ ತಾಯಿ, ಒಳಗಿರೋದೆಲ್ಲ ಹೆಣ!"

"ಮನೆ ವಿಷಯ ಆಮೇಲೆ ಮಾತಾಡ್ಕೊಳ್ಳಿ ಅಂಕಲ್" ಎಂದು ಹಿಂದಿನಿಂದ ಯಾರೋ ಗದರಿದರು. ಬಾಮೈದ ನಗುತ್ತ, "ವಯಸ್ಸಾಯ್ತು ಮೇಡಂ, ಸ್ವಲ್ಪ ಭಾವುಕರು" ಎಂದು ತಿಪ್ಪೆ ಸಾರಿಸಿದ. ಮಣ್ಣಮ್ಮ ಮುಷ್ಟಿ ಬಿಚ್ಚಿದಳು. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಒದ್ದೆ ಗೊಬ್ಬರವೂ ಜೋಲುಬಿದ್ದ ಹುಳುಗಳೂ ಬಿದ್ದವು. ಮೇಡಂ "ಇಶ್ಶೀ" ಎಂದು ಹಾರಿ ನಿಂತರು. ಫೋಟೋದವನು ಅದನ್ನು ತೆಗೆಯಲಿಲ್ಲ.

ಕಟ್ಟಡ ಕೊನೆಯ ಸುತ್ತಿಗೆ ಆಯ್ಕೆಯಾಯಿತು. ಶುಚಿತ್ವಕ್ಕೆ ಪೂರ್ತಿ ಅಂಕ.

ಮಣ್ಣಮ್ಮ ಇಳಿದದ್ದು ಒಬ್ಬಳೇ, ಹತ್ತುವಾಗ ಕುರ್ಚಿಯಲ್ಲಿ ಕೂರಿಸಿ ಹೊರಬೇಕಾಯಿತು. ಹಾಸಿಗೆ ಸೇರಿದವಳು ಗೋಡೆಗೆ ಮುಖ ಮಾಡಿದಳು. ಮೆಟ್ಟಿಲು ಬೇಡ, ಗುಂಡಿ ಬೇಡ, ಊಟವೂ ಅಷ್ಟಕ್ಕಷ್ಟೇ. ತಮ್ಮ ಬಂದು ಕಾಲ ಹತ್ತಿರ ಕೂತು, "ತಪ್ಪಾಯ್ತು ಅಕ್ಕಾ" ಎಂದರೆ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಳು. ಫಿಸಿಯೋ ಹುಡುಗಿ ಬಾಗಿಲಲ್ಲಿ ದನಿ ತಗ್ಗಿಸಿ, "ಹೀಗೇ ಬಿಟ್ರೆ ಆ ಕೈ ಮರಗಟ್ಟಿ ಹೋಗುತ್ತೆ ಅಂಕಲ್. ಆಮೇಲೆ ನಾನು ಬಂದೂ ಪ್ರಯೋಜನ ಇಲ್ಲ" ಎಂದಳು.

ಸಂಜೆಯಾದರೆ ಕಂಡಕ್ಟರ ಕೈಗೆ ಕೆಲಸವಿಲ್ಲ. ತೊಳೆದ ಕೈ ತೊಳೆದ ಹಾಗೇ ಇರುತ್ತಿತ್ತು, ಅದೇ ಅವರಿಗೆ ಅಸಹ್ಯವಾಗತೊಡಗಿತು. ಕಟ್ಟಡದವರ ಮೇಲೆ, ಬಾಮೈದನ ಮೇಲೆ, ಆ ಕನ್ನಡಕದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಫ್ಲೆಕ್ಸಿನ ಮೇಲೆ ಅವರ ಮೈ ಉರಿಯುತ್ತಿತ್ತು. ಒಂದು ಸಂಜೆ ಹೆಂಡತಿ ಮುಟ್ಟದೇ ಬಿಟ್ಟ ನೀರಿನ ಲೋಟ ಹಿಡಿದು, ಅಭ್ಯಾಸಬಲದಿಂದ ಬಾಲ್ಕನಿಗೆ ಹೋಗಿ, ಬಟ್ಟೆ ಸರಿಸಿ, ಸತ್ತ ಗಿಡದ ಕುಂಡಕ್ಕೆ ಚೆಲ್ಲಿದರು.

ನೀರು ಬಿದ್ದ ಕಡೆ ಏನೋ ಮಿಸುಕಿತು.

ಕಂಡಕ್ಟರು ಬಗ್ಗಿದರು. ಬೆರಳು ತೂರಿಸಿದರು. ಬೆಚ್ಚಗೆ, ಒದ್ದೆಯಾಗಿ, ಬೆರಳ ಸಂದಿಯಲ್ಲಿ ಕಚಗುಳಿ. ಸೋಮಾರಿತನಕ್ಕೆ ತಾವು ಸುರಿದ ಹಿಡಿ ಹಿಡಿಯಲ್ಲೂ ಒಂದಿಷ್ಟು ಹುಳು ಬಂದಿದ್ದವು, ಹಳೆಯ ಬೇರುಗಳನ್ನೆಲ್ಲ ತಿಂದು ಕುಂಡದ ತುಂಬ ಸಂಸಾರ ಹೂಡಿದ್ದವು. ಅವರಿಗೆ ನಗು ಬಂತೋ ಅಳು ಬಂತೋ ಹೇಳುವುದು ಕಷ್ಟ. ಬೆರಳನ್ನು ಮೂಗಿಗೆ ಒಯ್ದು ಉಸಿರೆಳೆದು ಮೂಸಿದರು. ಮಳೆ ಬಿದ್ದ ಮಣ್ಣು.

ಹಿಡಿ ತುಂಬಿಕೊಂಡು ಒಳಗೆ ಹೋಗಿ, ಗೋಡೆಗೂ ಆಕೆಯ ಮುಖಕ್ಕೂ ನಡುವೆ ಕೈ ತೂರಿಸಿದರು.  ಮಣ್ಣಮ್ಮನ ಮೂಗು ಅರಳಿತು. ನಿಧಾನವಾಗಿ ತಿರುಗಿದಳು.

"ಎಲ್ಲಿತ್ತು?"

"ನೀನು ಬೈಯಲ್ಲ ಅಂದ್ರೆ ಹೇಳ್ತೀನಿ."

ಅವರು ಹೇಳಿದರು. ಅವಳು ಬೈದಳು. "ಇಷ್ಟು ದಿನ ಸುಳ್ಳು ಹೇಳಿದ್ರಾ? ಹೂಂ ಹೂಂ ಅಂತ ಕೋಲೆ ಬಸವನ ಹಾಗೆ ತಲೆ ಆಡಿಸಿದ್ರಲ್ರೀ!" ಬಹಳ ದಿನದ ಮೇಲೆ ಬೈಗುಳ ಕೇಳಿ ಕಂಡಕ್ಟರ ಎದೆ ತಂಪಾಯಿತು. ಕುಂಡವನ್ನು ಎಳೆದು ತಂದು ಆಕೆಯ ಮಂಚದ ಪಕ್ಕದಲ್ಲೇ ಇಟ್ಟರು. ಮಲಗುವ ಕೋಣೆಯಲ್ಲಿ ಎರೆಹುಳು! ಹಿಂದಿನ ಕಂಡಕ್ಟರಾಗಿದ್ದರೆ ಮನೆ ಬಿಟ್ಟೇ ಓಡಿರುತ್ತಿದ್ದರು.

ಆದರೂ ಬಲಗೈ ಮಡಿಲಲ್ಲೇ ಇತ್ತು. ಆಕೆ ಎಡಗೈಯಲ್ಲೇ ಸಿಪ್ಪೆ ಹಾಕುವಳು, ಎಡಗೈಯಲ್ಲೇ ಮಗುಚುವಳು. "ಬಲಗೈ ಹಾಕೇ" ಎಂದರೆ, "ಅದು ಹೋಯ್ತು ಬಿಡಿ" ಎನ್ನುವಳು. ಹಾಗೆ ತಣ್ಣಗೆ ಹೇಳುವುದನ್ನು ಕೇಳಿದಾಗ ಕಂಡಕ್ಟರಿಗೆ ಭಯವಾಗುತ್ತಿತ್ತು.

ಕೊನೆಯ ಸುತ್ತಿನ ದಿನ ಬಂತು. ಈ ಸಲ ತೊಟ್ಟಿಯಲ್ಲಿ ಜೀವ ಇರುವ ಹುಳುಗಳನ್ನೇ ತೋರಿಸಬೇಕಂತೆ. ಕನ್ನಡಕದ ಮೇಡಂ ಜೊತೆ ಗೊಬ್ಬರದ ವಿಷಯ ಬಲ್ಲ ಇನ್ನೊಬ್ಬರು ಬರುತ್ತಾರಂತೆ. ಬಾಮೈದ ಆರ್ಡರ್ ಹಾಕಿದ್ದ ಹುಳುಗಳು ಡಬ್ಬದಲ್ಲೇ ಬೆಂದುಹೋಗಿ ಬಂದಿದ್ದವು. ಅವನಿಗೆ ಅದ್ಯಾರು ಹೇಳಿದರೋ ಅಕ್ಕನ ಕೋಣೆಯಲ್ಲಿ ಹುಳು ಇದೆಯೆಂದು, ಬೆಳಿಗ್ಗೆಯೇ ಬಿಳಿ ಶೂ ಬಾಗಿಲಲ್ಲಿ ಬಿಚ್ಚಿ ಒಳಗೆ ಬಂದ.

"ಭಾವ, ಒಂದು ಹಿಡಿ ಕೊಡಿ ಸಾಕು. ಮೇಲೆ ಮೇಲೆ ಹರಡ್ತೀನಿ. ಗೆದ್ರೆ ಅಕ್ಕನ ಹೆಸರಲ್ಲೇ ಬೋರ್ಡು ಹಾಕಿಸ್ತೀನಿ."

"ಬೋರ್ಡು ಯಾವುದರದ್ದು, ಪ್ಲಾಸ್ಟಿಕ್ಕಿನದ್ದಾ?"

"ಭಾವ, ದಯವಿಟ್ಟು. ಅರ್ಧ ಗಂಟೇಲಿ ಬರ್ತಾರೆ."

ಕಂಡಕ್ಟರು ಹೆಂಡತಿಯ ಮುಖ ನೋಡಿದರು. ಆಕೆ ಮಂಚದ ಅಂಚಿನಲ್ಲಿ ಕೂತು ತಮ್ಮನನ್ನೇ ನೋಡುತ್ತಿದ್ದಳು.  ಕಂಡಕ್ಟರು ಕುಂಡಕ್ಕೆ ಕೈ ಹಾಕಿ ಹಿಡಿ ತುಂಬ ತೆಗೆದರು.

"ಕೈ ಒಡ್ಡು" ಎಂದರು.

"ಕವರ್ ತಂದಿದೀನಿ."

"ಕವರ್ ಬೇಡ. ಬರಿಗೈ. ಕೆಳಗಿನವರೆಗೆ ಕೈಯಲ್ಲೇ ಹಿಡ್ಕೊಂಡು ಹೋಗು. ನಿನ್ನ ಅಕ್ಕ ಇಷ್ಟು ವರ್ಷ ಹಿಡಿದಿದಾಳೆ, ನೀನು ಒಂದು ಸಲ ಹಿಡಿ. ಹಿಡಿದ್ರೆ ಇಡೀ ಕುಂಡ ನಿನ್ನದೇ."

ಬಾಮೈದ ಅಕ್ಕನ ಮುಖ ನೋಡಿದ, ಗಡಿಯಾರ ನೋಡಿದ, ಕಣ್ಣು ಮುಚ್ಚಿಕೊಂಡು ಎರಡೂ ಕೈ ಒಡ್ಡಿದ. ಕಂಡಕ್ಟರು ಸುರಿದರು. ಅವನ ಅಂಗೈಯಲ್ಲಿ ಗೊಬ್ಬರ ಮಿಸುಕಿತು, ಒಂದು ಹುಳು ತಲೆಯೆತ್ತಿ ಅವನ ಮಣಿಕಟ್ಟಿನ ಕಡೆ ಹರಿಯಿತು.

"ಅಮ್ಮಾ! ಇಶ್ಶೀ! ಥೂ ಥೂ ಥೂ!" ಕಿರುಚಿ ಕೈ ಕೊಡವಿದ. ಗೊಬ್ಬರವೆಲ್ಲ ನೆಲದ ಮೇಲೆ ಚದುರಿತು. ಕುಣಿಕುಣಿದು ಕೈಯನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತ ಹಿಂದೆ ಸರಿದ. ಅವನ ಹಿಮ್ಮಡಿಯ ಪಕ್ಕದಲ್ಲೇ ಹುಳುಗಳು ಹೊರಳಾಡುತ್ತಿದ್ದವು.

"ತುಳೀಬೇಡ್ವೋ!" ಮಣ್ಣಮ್ಮ ಕೂಗಿದಳು. ಕೂಗುತ್ತಲೇ ಮಂಚದಿಂದ ಜಾರಿ, ನೆಲಕ್ಕೆ ಮೊಣಕಾಲೂರಿದಳು. ಮುಗ್ಗರಿಸದಂತೆ ಎಡಗೈ ಮಂಚದ ಕಾಲನ್ನು ಗಟ್ಟಿಯಾಗಿ ಹಿಡಿದಿತ್ತು. ಅದನ್ನು ಬಿಡುವಂತಿರಲಿಲ್ಲ, ಬಿಟ್ಟರೆ ಬೀಳುವಳು. ಮಡಿಲಲ್ಲಿದ್ದ ಬಲಗೈ ಮುಂದೆ ಬಂತು.

ಕಂಡಕ್ಟರು ಹಿಡಿಯಲು ಹೋದವರು ನಿಂತರು.

ಬೆರಳುಗಳು ನೆಲ ಮುಟ್ಟಿದವು. ಮೊದಲ ಸಲ ಹೆಬ್ಬೆರಳು ತೋರುಬೆರಳು ಒಂದಾಗಲೇ ಇಲ್ಲ, ಹುಳು ನುಣುಚಿಕೊಂಡಿತು. ಆಕೆಯ ಕೊರಳ ನರ ಉಬ್ಬಿತು. ಇನ್ನೊಮ್ಮೆ. ಬೆರಳುಗಳು ನಡುಗಿದವು, ಹತ್ತಿರ ಬಂದವು, ಮುಚ್ಚಿಕೊಂಡವು. ಅವುಗಳ ನಡುವೆ ಹುಳು ಜೋತಾಡುತ್ತಿತ್ತು, ಜೀವಂತ.

"ರೀ, ಕೈ ಹಿಡೀರಿ" ಎಂದಳು, ಏನೂ ಆಗದವಳ ಹಾಗೆ.

ಕಂಡಕ್ಟರು ಎದುರಿಗೆ ಮೊಣಕಾಲೂರಿ ಅಂಗೈ ಒಡ್ಡಿದರು. ಅದನ್ನು ಅದರಲ್ಲಿ ಹಾಕಿ ಆಕೆ ಇನ್ನೊಂದಕ್ಕೆ ಬಗ್ಗಿದಳು. ಅವರ ಕಣ್ಣಲ್ಲಿ ನೀರು ತುಂಬಿ ಎದುರಿನದೆಲ್ಲ ಮಸುಕಾಯಿತು. ಅಂಗೈಯಲ್ಲಿ ತಣ್ಣಗೆ ಏನೋ ಹರಿದಾಡುವುದಷ್ಟೇ ಗೊತ್ತಾಗುತ್ತಿತ್ತು.

"ಅಕ್ಕಾ, ಈಗ ನಾನು ಅವರಿಗೆ ಏನು ತೋರಿಸ್ಲಿ?" ಬಾಮೈದ ಬಾಗಿಲಿನಿಂದ ಕೇಳಿದ. ಅಕ್ಕನ ಬಲಗೈಯನ್ನು ಅವನು ನೋಡಿರಲಿಲ್ಲ.

"ಮೊದಲು ಕೈ ತೊಳ್ಕೊಂಡು ಬಾ ಹೋಗು" ಎಂದಳು ಮಣ್ಣಮ್ಮ, ತಲೆಯೆತ್ತದೆ.

ಬಚ್ಚಲಲ್ಲಿ ನಲ್ಲಿ ಶುರುವಾಯಿತು. ಅವನು ತಿಕ್ಕಿ ತಿಕ್ಕಿ ತೊಳೆಯುತ್ತಲೇ ಇದ್ದ. ಕೆಳಗೆ ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿಸಿತು. ಕಂಡಕ್ಟರು ಕೈ ಮಡಚದೆ, ಮುಂದಿನ ಹುಳುವಿಗಾಗಿ ಕಾಯುತ್ತ ಕೂತರು.